ಇವರು ನನಗೆ ಖುದ್ದು ಪರಿಚಿತರು

ಫೆಬ್ರುವರಿ 10

ಊರಲ್ಲಿ ಕಥೆ ಹೇಳುವಾಗ ಎದುರಿಗೆ ಕೂತವರು ಹೂಂ ಎನ್ನುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಲ್ಲಬೇಕು, ಅದು ನಮ್ಮ ಅಜ್ಜಿಯ ಕಟ್ಟಪ್ಪಣೆ. ನಾನು ಮುಂಬೈಗೆ ಬಂದು ಮೂವತ್ತೊಂದು ವರ್ಷವಾಯಿತು, ಇಲ್ಲಿ ಹೂಂ ಎನ್ನುವಷ್ಟು ಪುರಸೊತ್ತು ಯಾರಿಗೂ ಇಲ್ಲ. ಹೀಗಾಗಿ ಈ ಡೈರಿ. ಇದು ನಮ್ಮ ಸಾಹೇಬರ ಹೊಸ ವರ್ಷದ ಉಡುಗೊರೆ. ಪ್ರತಿ ಪುಟದ ಮೇಲೂ ಅವರ ನಗುಮುಖ ಅಚ್ಚಾಗಿದೆ. ಆ ನಗುವಿನ ಕೆಳಗೇ ಬರೆಯುತ್ತೇನೆ.

ಇವತ್ತು ಮಧ್ಯಾಹ್ನ ದಿಲ್ಲಿಯಲ್ಲಿ ಸಂಸತ್ತಿನ ಮೇಲೆ ದಾಳಿಯಾಯಿತು. ಮೇಲ್ಮನೆ ನಡೆಯುತ್ತಿದ್ದಾಗ ನಾಲ್ವರು ಸಂದರ್ಶಕರ ಗ್ಯಾಲರಿಯಿಂದ ಕೆಳಗೆ ಧುಮುಕಿ, ಮೈಕು ಕಿತ್ತು, ಕುರ್ಚಿ ಮುರಿದು, ಅಡ್ಡ ಬಂದ ಮಾರ್ಷಲ್ ಒಬ್ಬನ ತಲೆ ಒಡೆದರು. ಇಲ್ಲಿ ಮುಂಬೈಯಲ್ಲಿ, ಸಯನ್ನಿನ ನಮ್ಮ ಜನಸಂಪರ್ಕ ಕಚೇರಿಯಲ್ಲಿ ಶಿಫಾರಸು ಪತ್ರಕ್ಕೆ ಬಂದಿದ್ದವರೂ ಸೇರಿ ಎಲ್ಲರೂ ಟಿವಿಗೆ ಅಂಟಿಕೊಂಡೆವು. ಸಾಹೇಬರು ಮೇಲ್ಮನೆಯ ಸದಸ್ಯರು, ಮತ ಕೇಳುವ ಕಷ್ಟವಿಲ್ಲದೆ ಸಂಸದರಾದವರು. ಅವರೂ ಒಳಗೇ ಇದ್ದರು. ಟಿವಿಯಲ್ಲಿ ಕಂಡದ್ದು ಅವರ ಬೂಟು ಮಾತ್ರ, ಉಳಿದದ್ದು ಮೇಜಿನ ಕೆಳಗಿತ್ತು. ಸಂಜೆ ಅದೇ ಬೂಟಿನ ಮೇಲೆ ನಿಂತು ಅವರು ಹೇಳಿದರು: ‘ನಾನು ಎದೆಯೊಡ್ಡಿ ನಿಂತಿದ್ದೆ.’

ಮಾರ್ಷಲ್ ಇನ್ನೂ ಆಸ್ಪತ್ರೆಯ ದಾರಿಯಲ್ಲಿದ್ದ. ಅಷ್ಟರಲ್ಲೇ ದಾಳಿ ಮಾಡಿದವರು ಆ ಕಡೆಯವರು ಎಂದು ಈ ಕಡೆಯವರೂ, ಈ ಕಡೆಯವರು ಎಂದು ಆ ಕಡೆಯವರೂ ಶುರು ಮಾಡಿದ್ದರು. ಟಿವಿಯಲ್ಲಿ ಎಂಟು ಚೌಕ, ಎಂಟು ತಲೆ, ಎಲ್ಲ ಬಾಯಿಯೂ ಒಟ್ಟಿಗೆ. ನಮ್ಮೂರ ಸಂತೆಯಲ್ಲಿ ಕೋಳಿ ಮಾರುವವರು ಬುಟ್ಟಿಯ ಮೇಲೆ ಬಟ್ಟೆಯನ್ನಾದರೂ ಹಾಕುತ್ತಿದ್ದರು.

ಫೆಬ್ರುವರಿ 11

ಇವತ್ತಿನ ಪ್ರಶ್ನೆ ಒಂದೇ: ಆ ನಾಲ್ವರಿಗೆ ಪಾಸು ಕೊಟ್ಟವರು ಯಾರು? ಮಧ್ಯಾಹ್ನದೊಳಗೆ ಗೊತ್ತಾಯಿತು, ಆ ಕಡೆಯ ಒಬ್ಬ ಸಂಸದರು. ನಮ್ಮ ಕಚೇರಿಯಲ್ಲಿ ಹಬ್ಬ. ಸಾಹೇಬರ ಪಿಎ ಅನಿಲ ಎಲ್ಲರಿಗೂ ವಡಾಪಾವ್ ತರಿಸಿದ. ಇವನು ಬೆಳಗಾವಿಯ ಮನೆತನದವನು, ಹುಟ್ಟಿದ್ದು ದಾದರಿನಲ್ಲಿ. ಕನ್ನಡ ಶುರು ಮಾಡಿ ಮರಾಠಿಯಲ್ಲಿ ಮುಗಿಸುತ್ತಾನೆ.

ಸಾಹೇಬರು ಟಿವಿಯಲ್ಲಿ ಗುಡುಗಿದರು. ‘ಪಾಸಿನ ಮೇಲೆ ಸಹಿ ಹಾಕಿದವರು ಹೊಣೆ ಹೊರಬೇಕು. ಇವತ್ತೇ ರಾಜೀನಾಮೆ ಕೊಡಬೇಕು.’ ಅನಿಲ ಆ ತುಣುಕನ್ನು ಕತ್ತರಿಸಿ ಹಿಂದೆ ನಗಾರಿ ಸೇರಿಸಿ ಊರಿಗೆಲ್ಲ ಕಳಿಸಿದ.

ನನಗೆ ನಗು ತಡೆಯಲಾಗಲಿಲ್ಲ. ಪಾಸಿನ ಫಾರ್ಮಿನ ಕೊನೆಗೆ ಒಂದು ಸಾಲಿದೆ: ‘ಇವರು ನನಗೆ ಖುದ್ದು ಪರಿಚಿತರು, ಇವರ ಪೂರ್ಣ ಹೊಣೆ ನನ್ನದು.’ ಅದರ ಕೆಳಗೆ ಸದಸ್ಯರ ಸಹಿ. ನಮ್ಮ ಸಾಹೇಬರು ವಿಮಾನ ಹಿಡಿಯುವ ಮುಂಚೆ ಖಾಲಿ ಫಾರ್ಮುಗಳ ಒಂದು ಕಟ್ಟಿಗೆ ಸಹಿ ಹಾಕಿಟ್ಟು ಹೋಗುತ್ತಾರೆ. ಆಮೇಲೆ ಯಾರು ಬಂದರೂ ಹೆಸರು, ತಂದೆಯ ಹೆಸರು, ವಿಳಾಸ ಟೈಪು ಮಾಡಿ ಆ ಹಾಳೆಯ ಮೇಲೆ ಅಚ್ಚು ಹೊಡೆಯುವವನು ನಾನು, ಗುಮಾಸ್ತ ಸಂಗಪ್ಪ, ಇಂಡಿ ತಾಲೂಕು. ಹೋದ ವರ್ಷ ಇನ್ನೂರು ಜನರನ್ನು ನಾನು ಸಾಹೇಬರ ಪರವಾಗಿ ಖುದ್ದು ಬಲ್ಲವನಾದೆ. ಅವರಲ್ಲಿ ಒಬ್ಬನ ಮುಖವೂ ನೆನಪಿಲ್ಲ. ಹಿಂದೊಮ್ಮೆ ಸಂಸತ್ತಿನಲ್ಲಿ ಗಲಾಟೆಯಾದ ಮೇಲೆ ನಿಯಮ ಬಿಗಿ ಮಾಡಿದರಂತೆ. ಬಿಗಿ ಎಂದರೆ ಫಾರ್ಮಿನಲ್ಲಿ ಎರಡು ಕಾಲಮ್ಮು ಹೆಚ್ಚಾಯಿತು.

ಸಂಜೆ ಚೆನ್ನಯನ ಹೋಟೆಲಿಗೆ ಹೋದೆ. ಅವನು ಉಡುಪಿಯ ಕಡೆಯವನು, ಇಪ್ಪತ್ತು ವರ್ಷದ ಗೆಳೆಯ, ಆ ಕಡೆಯ ಪಾರ್ಟಿಯವನು.

‘ಎಂತ ಸಂಗಪ್ಪಣ್ಣ, ನಿಮ್ಮ ಸಾಹೇಬ್ರು ಮೇಜಿನ ಅಡಿಯಿಂದ ಹೊರಗೆ ಬಂದ್ರಾ?’

‘ಬಂದಾರ. ನಿಮ್ಮ ಸಾಹೇಬ್ರ ಪಾಸು ಹುಡುಕಾಕ ಹೋಗಿದ್ರಂತ.’

‘ಹಾಗಾದ್ರೆ ಇವತ್ತು ಚಾ ಇಲ್ಲ ನಿಮಗೆ,’ ಎಂದ. ಆಮೇಲೆ ಕೊಟ್ಟ. ಸಕ್ಕರೆ ಹಾಕಿರಲಿಲ್ಲ.

ಫೆಬ್ರುವರಿ 13

ಒಬ್ಬ ಹೆಂಗಸು ಬಂದಿದ್ದಳು. ಹೆಸರು ಸೋಮವ್ವ, ತಾಳಿಕೋಟೆ ಕಡೆಯವಳು, ಸಯನ್ ಕೋಳಿವಾಡಾದ ಸಾಲುಮನೆಗಳ ಚಾಳಿನಲ್ಲಿ ಮನೆ. ಗಂಡ ನೆಲಕ್ಕೆ ಫರ್ಶಿಕಲ್ಲು ಹಾಸುವವನು. ದಿಲ್ಲಿಯಲ್ಲಿ ಯಾವುದೋ ಹೋಟೆಲಿನ ನೆಲದ ಕೆಲಸಕ್ಕೆ ಕಾಂಟ್ರಾಕ್ಟರ್ ಕರೆದೊಯ್ದಿದ್ದಾನೆ. ಹತ್ತನೇ ತಾರೀಖು ಅವನು ಅದೇ ಗ್ಯಾಲರಿಯಲ್ಲಿ ಕೂತಿದ್ದನಂತೆ. ಗ್ಯಾಲರಿಯಲ್ಲಿದ್ದ ಎಲ್ಲರನ್ನೂ ಪೊಲೀಸರು ಹಿಡಿದು ವಿಚಾರಿಸಿ ಮರುದಿನ ಬಿಟ್ಟರು. ಇವನನ್ನು ಮಾತ್ರ ಬಿಟ್ಟಿಲ್ಲ.

‘ಪಾಸು ನೀವೇ ಕೊಟ್ಟೀರಿ, ಅದರಾಗ ಸಾಹೇಬ್ರ ಸಹಿ ಐತಿ,’ ಎಂದಳು. ‘ಅವರೊಂದು ಫೋನ್ ಮಾಡಿ, ಇವಾ ನಮ್ಮಾಂವ ಅಂತ ಹೇಳಿದ್ರ ಆತ್ರಿ.’

ಅನಿಲ ಅವಳಿಗೆ ನೀರು ಕೊಡಿಸಿದ. ಕಚೇರಿಯಲ್ಲಿ ಯಾರಿಗಾದರೂ ನೀರು ಕೊಡಿಸಿದರೆಂದರೆ ಕೆಲಸ ಆಗುವುದಿಲ್ಲ ಎಂದರ್ಥ. ‘ಮಾವಶಿ, ಸೋಮವಾರ ಬರ್ರಿ. ಸಾಹೇಬ್ ಬಿಝಿ ಆಹೇತ್.’

ಆಮೇಲೆ ನೆನಪಾಯಿತು. ಜನವರಿಯಲ್ಲಿ ಯಾರೋ ಒಬ್ಬ ಫರ್ಶಿಯವ ಬಂದು, ಹೊಸ ಸಂಸತ್ತಿಗೆ ದೇಶದ ಮೂಲೆಮೂಲೆಯ ಕಲ್ಲು ಹಾಕಿದ್ದಾರಂತೆ, ಒಮ್ಮೆ ನೋಡಬೇಕು ಎಂದಿದ್ದ. ಜನ ಭಾಷಣ ಕೇಳಲು ಹೋಗುತ್ತಾರೆ, ಇವನು ನೆಲ ನೋಡಲು ಹೋಗುತ್ತಾನೆ ಎಂದು ನಾನು ನಕ್ಕಿದ್ದೆ. ಈಗ ಯೋಚಿಸಿದರೆ ಆ ಮನೆಯಲ್ಲಿ ನೋಡುವಂಥದ್ದು ಅದೊಂದೇ.

ಫೆಬ್ರುವರಿ 14

ದಿಲ್ಲಿಯಿಂದ ಫೋನು. ಆ ಫರ್ಶಿಯವನ ಹೆಸರು ಯಲ್ಲಾಲಿಂಗ. ಅವನ ಕಿಸೆಯಲ್ಲಿ ಒಂದು ಸಣ್ಣ ನೋಟ್‌ಬುಕ್ಕು ಸಿಕ್ಕಿದೆಯಂತೆ. ಅದರಲ್ಲಿ ಸಂಸತ್ತಿನ ಮೊಗಸಾಲೆಗಳ ಅಳತೆ: ಬಾಗಿಲಿನಿಂದ ಮೆಟ್ಟಿಲಿಗೆ ಇಷ್ಟು ಹೆಜ್ಜೆ, ಒಂದು ಫರ್ಶಿಗೆ ಇಷ್ಟು ಗೇಣು. ಗ್ಯಾಲರಿಯಲ್ಲಿ ಕಟಕಟೆಯ ಮೇಲೆ ಬಾಗಿ ಕೆಳಗೆ ನೋಡುತ್ತಿದ್ದನೆಂದು ಕ್ಯಾಮೆರಾ ಹೇಳುತ್ತದೆ. ನೆಲ ಹಾಸುವವನು ನೆಲ ಅಳೆಯದೆ ಗಗನ ಅಳೆಯುತ್ತಾನೆಯೇ? ಇಷ್ಟು ತಿಳಿಯಲು ದಿಲ್ಲಿಯ ದೊಡ್ಡ ದೊಡ್ಡ ತಲೆಗಳಿಗೆ ಎಷ್ಟು ದಿನ ಬೇಕೋ.

ಆದರೆ ಅಳತೆಯ ವಿಷಯ ಅವರೂ ನಂಬಿದ್ದಾರಂತೆ. ತೊಡಕು ಬೇರೆ ಇದೆ. ಪಾಸಿನ ಫಾರ್ಮಿನಲ್ಲಿರುವ ತಂದೆಯ ಹೆಸರು, ವಿಳಾಸ ಅವನ ಆಧಾರಿಗೆ ತಾಳೆಯಾಗುತ್ತಿಲ್ಲ. ಒಳಗೆ ಬಿಡುವಾಗ ಅವನ ಹೆಸರು, ಮುಖ ನೋಡಿ ಬಿಟ್ಟಿದ್ದಾರೆ. ಈಗ ಕೂತು ಪೂರ್ತಿ ಓದುತ್ತಿದ್ದಾರೆ.

‘ಸುಳ್ಳು ಮಾಹಿತಿ ಕೊಟ್ಟಾನ ಕಾಕಾ ಅಂವಾ,’ ಎಂದ ಅನಿಲ. ಬೆವರೊರೆಸಿಕೊಂಡ. ‘ಚಾನೆಲ್‌ನವರಿಗೆ ಗೊತ್ತಾಗಬಾರದು. ಸಾಹೇಬ್ರ ಸಹಿ ಐತಿ ಅದರ ಮ್ಯಾಲ.’

ಮೂರು ದಿನದ ಹಿಂದೆ ಇದೇ ಅನಿಲ ನಗಾರಿ ಬಾರಿಸಿದ್ದ.

ಫೆಬ್ರುವರಿ 15

ಭಾನುವಾರ, ಕಚೇರಿಗೆ ರಜೆ. ನಾವು ಇರುವ ಖೋಲಿ ಕಚೇರಿಯ ಹಿಂದೆಯೇ ಇದೆ, ಸಾಹೇಬರ ಟ್ರಸ್ಟಿನದು. ಕಚೇರಿಯ ಕೀಲಿ ನನ್ನಲ್ಲಿರುತ್ತದೆ. ಹೋಗಿ ಕಂಪ್ಯೂಟರ್ ತೆರೆದೆ.

ಯಲ್ಲಾಲಿಂಗನ ಹೆಸರು ಸರಿಯಾಗಿದೆ. ತಂದೆ: ವಿಠ್ಠಲ ಶೆಟ್ಟಿ. ವಿಳಾಸ: ಸಾಂತಾಕ್ರೂಜ್, ವಿಮಾನ ನಿಲ್ದಾಣದ ಹತ್ತಿರ.

ವಿಠ್ಠಲ ಶೆಟ್ಟಿ ಚೆನ್ನಯನ ಭಾವ. ಅವರ ಮಗ ದೇವಾನಂದನ ಫಾರ್ಮನ್ನು ಅದೇ ದಿನ, ಯಲ್ಲಾಲಿಂಗನಿಗಿಂತ ಮುಂಚೆ, ಮಾಡಿದ್ದೆ. ಆ ಫಾರ್ಮಿನ ಮೇಲೆಯೇ ಹೊಸ ಹೆಸರು ಹೊಡೆದಿದ್ದೇನೆ. ಕೆಳಗಿನ ಸಾಲುಗಳನ್ನು ಬದಲಿಸಿಲ್ಲ.

ಕಂಪ್ಯೂಟರ್ ಆರಿಸಿ ಬಂದೆ.

ಫೆಬ್ರುವರಿ 17

ಚಾನೆಲ್‌ನವರಿಗೆ ಗೊತ್ತಾಯಿತು. ‘ಎರಡೂ ಕಡೆಯ ಸಂಸದರಿಂದ ಪಾಸು.’ ಈಗ ಆ ಕಡೆಯವರು ಸಾಹೇಬರ ಮಾತನ್ನೇ ಸಾಹೇಬರಿಗೆ ಹೇಳುತ್ತಿದ್ದಾರೆ, ಅದೇ ನಗಾರಿಯ ಸಮೇತ. ಸಾಹೇಬರು ಕ್ಯಾಮೆರಾ ಮುಂದೆ ಬಂದರು. ಈ ಸಲ ಧ್ವನಿಯಲ್ಲಿ ಜೇನು. ‘ಆ ವ್ಯಕ್ತಿಯನ್ನು ನಾನು ಕಂಡೇ ಇಲ್ಲ. ನೂರಾರು ಜನ ಬರುತ್ತಾರೆ. ಅವನು ಸುಳ್ಳು ವಿವರ ಕೊಟ್ಟು ನನ್ನ ಕಚೇರಿಯನ್ನು ವಂಚಿಸಿದ್ದಾನೆ. ಇಲ್ಲಿ ನಾನೂ ಒಬ್ಬ ಸಂತ್ರಸ್ತ.’

ಸಂತ್ರಸ್ತ. ತಲೆ ಒಡೆಸಿಕೊಂಡ ಮಾರ್ಷಲ್ ಸಂತ್ರಸ್ತ, ಲಾಕಪ್ಪಿನಲ್ಲಿ ಕೂತವನು ವಂಚಕ, ಮೇಜಿನ ಕೆಳಗಿದ್ದವರೂ ಸಂತ್ರಸ್ತರು. ಸಹಿ ಹಾಕಿದ ಕೈ ಇವರದೇ, ಆದರೆ ಆ ಕೈಗೂ ಇವರಿಗೂ ಪರಿಚಯವಿಲ್ಲ. ನಾಚಿಕೆ ಎನ್ನುವುದು ಇವರಿಗೆ ಬರುವುದೇ ಇಲ್ಲವೇ? ಒಂದು ಮಾತು, ‘ನನ್ನ ಕಚೇರಿಯಲ್ಲಿ ತಪ್ಪಾಗಿದೆ’ ಎಂದು ಒಂದೇ ಒಂದು ಮಾತು ಹೇಳಿದ್ದರೆ ಆ ಮನುಷ್ಯ ಇವತ್ತು ರೈಲು ಹತ್ತುತ್ತಿದ್ದ. ಇಂಥವರನ್ನು ನಂಬಿ ದೇಶ ನಡೆಯುತ್ತಿದೆ. ಬಾಯಿ ಬಿಟ್ಟರೆ ಎಲ್ಲಿ ಕುರ್ಚಿ ಹೋಗುತ್ತದೋ ಎಂದು ಹೆದರಿ ಸಾಯುವ ಜನ.

ಇವತ್ತು ಚೆನ್ನಯನ ಹೋಟೆಲಿಗೆ ಹೋಗಲಿಲ್ಲ.

ಫೆಬ್ರುವರಿ 19

ಸೋಮವ್ವ ಮತ್ತೆ ಬಂದಳು. ಪ್ಲಾಸ್ಟಿಕ್ ಚೀಲದ ತುಂಬ ಕಾಗದ: ರೇಷನ್ ಕಾರ್ಡು, ಲಗ್ನಪತ್ರಿಕೆ, ಊರಿನ ಶಾಲೆಯ ದಾಖಲೆ. ಅನಿಲ ಇರಲಿಲ್ಲ, ನನ್ನ ಮೇಜಿನ ಮೇಲೆ ಒಂದೊಂದಾಗಿ ಹರಡಿದಳು.

‘ನೋಡ್ರಿ, ಎಲ್ಲಾದರಾಗೂ ಗುರುಲಿಂಗ ಅಂತನ ಐತಿ ನಮ್ಮ ಮಾವನ ಹೆಸರು. ಆ ಫಾರ್ಮಿನಾಗ ಯಾವನೋ ಶೆಟ್ಟಿ ಅಂತ ಬರಿಸ್ಯಾನಂತ. ಯಾಕ ಬರಿಸಿದ್ನೋ ಏನೋ.’

ನಾನು ಲಗ್ನಪತ್ರಿಕೆಯನ್ನು ನೋಡುತ್ತ ಕೂತೆ. ಗುರುಲಿಂಗ ಎಂದು ದೊಡ್ಡ ಅಕ್ಷರದಲ್ಲಿತ್ತು.

‘ಒಂದು ಕೇಳ್ತೀನ್ರಿ ಕಾಕಾ,’ ಎಂದಳು. ‘ನೀವು ಓದಿದವರು. ಮನಿಷ್ಯಾ ಏನೂ ಮಾಡಿರಲಿಲ್ಲಂದ್ರ ಅಪ್ಪನ ಹೆಸರು ಯಾಕ ಮುಚ್ಚಿಡ್ತಾನ? ನಂಗ ಗೊತ್ತಿಲ್ಲದ ಅಂವಾ ಬ್ಯಾರೆ ಏನಾರ ಮಾಡಾಕತ್ತಿದ್ನೇನು? ಓಣ್ಯಾಗ ಎಲ್ಲಾರೂ ಅದನ್ನ ಅಂತಾರ. ಹದಿನಾಕು ವರ್ಷ ಸಂಸಾರ ಮಾಡೀನ್ರಿ ಅವನ ಜೋಡಿ. ಮೊನ್ನಿಂದ ಅವನ ಪೆಟ್ಟಿಗಿ ತಗದು ಹುಡುಕಾಕತ್ತೀನಿ.’

‘ಏನು ಸಿಕ್ತು?’

‘ಕಲ್ಲಿನ ತುಣುಕು. ಬ್ಯಾರೆ ಬ್ಯಾರೆ ಬಣ್ಣದ್ದು.’

ಅನಿಲ ಶನಿವಾರ ಸಿಗುತ್ತಾನೆ ಎಂದು ಹೇಳಿದೆ. ನೀರು ಬೇಕೇ ಎಂದು ಕೇಳಿದೆ. ಬೇಡ ಎಂದಳು. ಕಾಗದಗಳನ್ನು ಮತ್ತೆ ಚೀಲಕ್ಕೆ ತುಂಬಲು ನಾನೂ ಕೈ ಹಚ್ಚಿದೆ.

ಫೆಬ್ರುವರಿ 21

ದಿಲ್ಲಿಯಿಂದ ಅಧಿಕಾರಿಯೊಬ್ಬರು ಮಂಗಳವಾರ ಬರುತ್ತಾರೆ, ನನ್ನ ಹೇಳಿಕೆ ತೆಗೆದುಕೊಳ್ಳಲು. ಅನಿಲ ಹೇಳಿಕೆಯನ್ನು ಮೊದಲೇ ಹಿಂದಿಯಲ್ಲಿ ಟೈಪು ಮಾಡಿ ತಂದಿದ್ದ. ‘ಸದರಿ ಯಲ್ಲಾಲಿಂಗ ತಾನೇ ಖುದ್ದಾಗಿ ಈ ವಿವರಗಳನ್ನು ಬರೆಸಿದ್ದು, ಸದ್ಭಾವನೆಯಿಂದ ನಾನು ನಮೂದಿಸಿದ್ದೇನೆ.’ ಅದರ ಕೆಳಗೆ ನನ್ನ ಹೆಸರು.

‘ಸಿಂಪಲ್ ಮ್ಯಾಟರ್ ಐತಿ ಕಾಕಾ. ಒಂದು ಸಹಿ. ಸಾಹೇಬ್ರು ನಿಮ್ಮನ್ನ ಮರಿಯಂಗಿಲ್ಲ.’

‘ಇದಕ್ಕ ಅವಂಗ ಏನಾಕ್ಕೈತಿ?’

‘ಫಸವಣೂಕ್. ವಂಚನೆ. ವರ್ಷ, ಎರಡು ವರ್ಷ. ಹೊಡದಿಲ್ಲ, ಬಡದಿಲ್ಲ, ಬೇಲ್ ಸಿಗತೈತಿ.’ ಆಮೇಲೆ ಗೋಡೆ ನೋಡುತ್ತ, ‘ಖೋಲಿ ಸಾಹೇಬ್ರದು ಐತಿ, ನಿಮಗ ಗೊತ್ತೈತಿ,’ ಎಂದ.

ಹೇಡಿ. ನೇರವಾಗಿ ಹೆದರಿಸುವ ಧೈರ್ಯವೂ ಇಲ್ಲ. ಇಡೀ ಪಾರ್ಟಿಯಲ್ಲಿ ಬೆನ್ನುಮೂಳೆ ಇರುವ ಒಬ್ಬನೂ ಇಲ್ಲ, ಆ ಕಡೆಯಲ್ಲೂ ಇಲ್ಲ. ಮಂಗಳವಾರ ಸಹಿ ಹಾಕುತ್ತೇನೆ ಎಂದು ಹೇಳಿ ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡೆ.

ಫೆಬ್ರುವರಿ 22

ಮಧ್ಯಾಹ್ನ ಚಂದ್ರವ್ವ ಶೇಂಗಾ ಸುಲಿಯುತ್ತಿದ್ದಳು. ಬಹಳ ವರ್ಷದ ಮೇಲೆ ಹೆಂಡತಿಗೆ ಒಂದು ಕಥೆ ಹೇಳಬೇಕೆನಿಸಿತು. ಒಂದೂರಿನಲ್ಲಿ ಒಬ್ಬ ರಾಜ, ಅವನಿಗೊಬ್ಬ ಕಾರಕೂನ. ರಾಜನಿಗೆ ಉದಾಸೀನ, ಖಾಲಿ ಓಲೆಗೆ ಮುದ್ರೆ ಒತ್ತಿ ಇಡುತ್ತಿದ್ದ. ಕಾರಕೂನನಿಗೂ ಉದಾಸೀನ. ಒಬ್ಬನ ಓಲೆಯಲ್ಲಿ ಇನ್ನೊಬ್ಬನ ಕುಲ ಗೋತ್ರ ಬರೆದುಬಿಟ್ಟ. ಆ ಓಲೆ ಹಿಡಿದು ಹೋದ ಕಲ್ಲುಕುಟಿಗನನ್ನು ಪರದೇಶದ ರಾಜ ಸೆರೆಗೆ ಹಾಕಿದ. ಚಂದ್ರವ್ವ ಹೂಂ ಎನ್ನುತ್ತಿದ್ದಳು. ಕಾರಕೂನನ ಕಷ್ಟ ಹೇಳತೊಡಗಿದೆ: ಹೇಳಿದರೆ ಮನೆ ಹೋಗುತ್ತದೆ, ರಾಜನ ಸಿಟ್ಟು, ಮುದಿ ವಯಸ್ಸು. ಕಾಡಿನಲ್ಲಿ ಅವನಿಗೊಬ್ಬ ಸಾಧು ಸಿಕ್ಕ. ನದಿ ದಾಟಿದ. ಇನ್ನೊಬ್ಬ ಸಾಧು ಸಿಕ್ಕ.

ಹೂಂ ನಿಂತಿತು. ನಾನು ತಲೆಯೆತ್ತಿದೆ.

‘ಎಷ್ಟು ಸಾಧು ಸಿಗತಾರೋ ಮಾರಾಯ ಅವಂಗ,’ ಎಂದಳು. ‘ಹೋಗಿ ಒಂದು ಮಾತು ಹೇಳಾಕ ಎಷ್ಟೊತ್ತು ಬೇಕು? ಅಂವಾ ಅಲ್ಲಿ ಸೆರಿಯಾಗ ಕುಂತಾನ, ಇಂವಾ ಇಲ್ಲಿ ನದಿ ದಾಟಾಕತ್ಯಾನ.’

ಶೇಂಗಾ ಸಿಪ್ಪೆ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಒಳಗಿನಿಂದಲೇ ಕೇಳಿದಳು, ‘ಖೋಲಿ ಯಾವಾಗ ಬಿಡಬೇಕಾಕ್ಕೈತಿ?’

ಇವಳಿಗೆ ಕಥೆ ಕೇಳುವ ತಾಳ್ಮೆ ಎಂದೂ ಇರಲಿಲ್ಲ.

ಫೆಬ್ರುವರಿ 24

ಅಧಿಕಾರಿ ಬಂದರು. ನಡುವಯಸ್ಸು, ನೆಗಡಿ. ಅನಿಲ ಗೋಡಂಬಿ ತಟ್ಟೆ ಇಟ್ಟು, ಪಕ್ಕದ ಕುರ್ಚಿಯಲ್ಲಿ ಕೂತ. ನಾನು ಮಡಚಿದ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟು, ಇದು ಸುಳ್ಳು ಎಂದೆ. ಯಲ್ಲಾಲಿಂಗ ತಂದೆಯ ಹೆಸರನ್ನು ಸರಿಯಾಗಿಯೇ ಹೇಳಿದ್ದ, ಆಧಾರಿನ ಪ್ರತಿಯನ್ನೂ ಕೊಟ್ಟಿದ್ದ. ನಾನು ಹಿಂದಿನವನ ಫಾರ್ಮಿನ ಮೇಲೆಯೇ ಹೆಸರು ಹೊಡೆದೆ, ಉಳಿದದ್ದನ್ನು ಬದಲಿಸಲಿಲ್ಲ. ಫಾರ್ಮಿಗೆ ಸಾಹೇಬರ ಸಹಿ ಮೊದಲೇ ಇತ್ತು. ಕಂಪ್ಯೂಟರ್ ತೆರೆದು ದೇವಾನಂದನ ಫಾರ್ಮು, ಯಲ್ಲಾಲಿಂಗನ ಫಾರ್ಮು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ.

ಅಧಿಕಾರಿ ಮೂಗೊರೆಸಿಕೊಂಡರು. ‘ಬಸ್? ಇಷ್ಟೇನಾ?’

‘ಇಷ್ಟೇ.’

‘ಇದು ನಿನಗೆ ಯಾವಾಗ ಗೊತ್ತಾಯಿತು?’

‘ಹದಿನೈದನೇ ತಾರೀಖು.’

ಅವರು ಗೋಡೆಯ ಕ್ಯಾಲೆಂಡರ್ ನೋಡಿದರು, ನನ್ನನ್ನು ನೋಡಿದರು, ಏನೋ ಬರೆದುಕೊಂಡರು. ಹದಿನಾಲ್ಕು ದಿನ ಒಬ್ಬ ಮನುಷ್ಯನನ್ನು ಹಿಡಿದಿಟ್ಟದ್ದು ಅವರ ಪುಸ್ತಕದಲ್ಲಿ ನಾಲ್ಕು ಸಾಲಾಯಿತು. ಖಾಲಿ ಫಾರ್ಮಿಗೆ ಸಹಿ ಎನ್ನುವ ಮಾತು ಬರೆದುಕೊಂಡಿರಾ ಎಂದು ಕೇಳಿದೆ. ‘ಅದು ಬೇರೆ ಇಲಾಖೆ,’ ಎಂದು ಗೋಡಂಬಿ ಬಾಯಿಗೆ ಹಾಕಿಕೊಂಡರು.

ಅವರು ಹೋದ ಮೇಲೆ ಅನಿಲ ಉಳಿದ ಗೋಡಂಬಿಯನ್ನು ಡಬ್ಬಿಗೆ ಸುರಿದ. ಆಮೇಲೆ ಮೆಲ್ಲಗೆ, ‘ಕಾಕಾ, ತುಮ್ಹೀ ಮಲಾ ಮಾರಲಂತ್,’ ಎಂದ. ನೀವು ನನ್ನನ್ನು ಕೊಂದಿರಿ ಎಂದು. ಪಾಪ, ಅವನು ಹೇಳುವುದೂ ಖರೆ. ಅವನಿಗೂ ಸಾಹೇಬರು ನೀರು ಕೊಡಿಸುತ್ತಾರೆ.

ಫೆಬ್ರುವರಿ 26

ಸಾಹೇಬರು ಟಿವಿಯಲ್ಲಿ: ‘ನನ್ನ ಕಚೇರಿಯ ನೌಕರನೊಬ್ಬನ ಲೋಪ ಪತ್ತೆಯಾಗಿದೆ. ತಕ್ಷಣ ಅವನನ್ನು ಕೆಲಸದಿಂದ ತೆಗೆದಿದ್ದೇನೆ. ಹೊಣೆಗಾರಿಕೆ ಎಂದರೆ ಇದು. ಆ ಕಡೆಯವರು ಇದನ್ನು ನೋಡಿ ಕಲಿಯಲಿ.’ ಚಾನೆಲ್‌ನವರು ಕೆಳಗೆ ಪಟ್ಟಿ ಓಡಿಸಿದರು: ‘ಹೊಣೆ ಹೊತ್ತ ಏಕೈಕ ನಾಯಕ.’ ನಗಾರಿ ಮತ್ತೆ ಶುರುವಾಯಿತು.

ನನ್ನನ್ನು ತೆಗೆದುಹಾಕಿ ಹೊಣೆ ಹೊತ್ತರಂತೆ. ಹೊರುವುದು ಇಷ್ಟು ಹಗುರವೆಂದು ಗೊತ್ತಿದ್ದರೆ ಮೊದಲ ದಿನವೇ ಹೊರುತ್ತಿದ್ದರು.

ಸಂಜೆ ಚೆನ್ನಯನಲ್ಲಿಗೆ ಹೋದೆ. ಅವನು ಸಕ್ಕರೆ ಹಾಕಿದ ಚಹಾ ತಂದಿಟ್ಟ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

‘ಸಂಗಪ್ಪಣ್ಣ, ನಮ್ಮ ಪಾರ್ಟಿಯವರು ಕೇಳ್ತಿದ್ದಾರೆ ಮಾರಾಯ್ರೆ. ಕ್ಯಾಮೆರಾ ಎದುರು ಒಮ್ಮೆ ಹೇಳಿ, ಖಾಲಿ ಫಾರ್ಮಿಗೆ ಸಹಿ ಹಾಕ್ತಾರೆ ಅಂತ. ನಿಮ್ಮನ್ನ ಹೀರೋ ಮಾಡ್ತಾರೆ.’

‘ಹೇಳ್ತೀನಿ. ನಿಮ್ಮವರ ಕಚೇರ್ಯಾಗ ಆ ನಾಲ್ಕು ಮಂದಿಯ ಫಾರ್ಮು ತುಂಬಿದ ಗುಮಾಸ್ತ ಯಾರು? ಅವನ್ನೂ ಕರೀರಿ. ಇಬ್ಬರೂ ಬಾಜೂಕ ಬಾಜೂಕ ಕುಂದರ್ತೀವಿ.’

ಚೆನ್ನಯ ಗಲ್ಲಾಪೆಟ್ಟಿಗೆಯ ಕಡೆ ತಿರುಗಿ ಯಾರನ್ನೋ ಬೈದ. ಸ್ವಲ್ಪ ಹೊತ್ತಿನ ಮೇಲೆ ಬಂದು, ‘ಸಾಂತಾಕ್ರೂಜಿನಲ್ಲಿ ಭಾವನ ಒಂದು ರೂಮು ಖಾಲಿ ಉಂಟು. ಅತ್ತಿಗೆಯನ್ನು ಕರೆದುಕೊಂಡು ನೋಡಿ,’ ಎಂದ. ಯಾವ ಭಾವ ಎಂದು ಕೇಳಲಿಲ್ಲ. ವಿಠ್ಠಲ ಶೆಟ್ಟಿಯೇ.

ಮಾರ್ಚ್ 1

ಸಾಮಾನು ಸಾಗಿಸಿದೆವು. ಟೆಂಪೋದವನು ಎರಡೇ ಸುತ್ತಿನಲ್ಲಿ ಮುಗಿಸಿದ. ಯಲ್ಲಾಲಿಂಗನನ್ನು ಶುಕ್ರವಾರ ಬಿಟ್ಟರಂತೆ. ಇವತ್ತು ಬೆಳಿಗ್ಗೆ ದಾದರಿಗೆ ಬಂದಿಳಿದಿರಬೇಕು.

ಮಾರ್ಚ್ 4

ಇವತ್ತು ಸಯನ್ ಕೋಳಿವಾಡಾಕ್ಕೆ ಹೋಗಿದ್ದೆ. ಪೇಡೆಯ ಪೊಟ್ಟಣ ಹಿಡಿದುಕೊಂಡಿದ್ದೆ. ಯಾಕೆ ಹಿಡಿದುಕೊಂಡೆನೋ.

ಚಾಳಿನ ಬಾಯಲ್ಲೇ ಯಲ್ಲಾಲಿಂಗ ಸಿಕ್ಕ. ಒಂದು ಮನೆಯ ಹೊಸ್ತಿಲಿಗೆ ಕಲ್ಲು ಕೂಡಿಸುತ್ತಿದ್ದ. ಅವನನ್ನು ನಾನು ಸರಿಯಾಗಿ ನೋಡಿದ್ದು ಇದೇ ಮೊದಲು. ತೆಳ್ಳಗಿನ ಮನುಷ್ಯ, ಎಡಗೈಯ ಹೆಬ್ಬೆರಳಿನ ಉಗುರು ಇಲ್ಲ, ಕಿವಿಯ ಮೇಲೆ ಪೆನ್ಸಿಲು. ನನ್ನ ಹೆಸರು ಹೇಳಿದೆ. ಅವನು ಮಟ್ಟಗೋಲಿನ ಗಾಜಿನೊಳಗಿನ ಗುಳ್ಳೆ ನಡುವಿಗೆ ಬರುವ ತನಕ ಕಲ್ಲನ್ನು ಮೆಲ್ಲಗೆ ಬಡಿದ. ಆಮೇಲೆ ಎದ್ದ.

‘ಗೊತ್ತೈತ್ರಿ. ಕೊನೀ ದಿನ ಪೊಲೀಸ್ರು ಹೇಳಿದ್ರು. ಯಾವನೋ ಮುದುಕ ತಪ್ಪು ಟೈಪ್ ಮಾಡಿದ್ದ ಅಂತ.’

ತಪ್ಪಾಯಿತು ಎಂದೆ. ಪೇಡೆ ಮುಂದೆ ಹಿಡಿದೆ. ಅವನು ಕೈ ಚಾಚಲಿಲ್ಲ. ಕೈಯಲ್ಲಿ ಸಿಮೆಂಟ್ ಇತ್ತು, ಅದಕ್ಕೇ ಇರಬಹುದು.

‘ನಂಗ ಹೇಳಿ ಏನು ಮಾಡ್ತೀರಿ?’ ಎಂದ. ‘ನಂಗ ನಮ್ಮಪ್ಪನ ಹೆಸರು ಮೊದಲ ಗೊತ್ತೈತಿ. ಮನ್ಯಾಗ ಹೇಳ್ರಿ. ಮೂರು ದಿನ ಆತು ಬಂದು, ಅಕಿ ನನ್ನ ಮಾರಿ ನೋಡಿ ಊಟಕ್ಕ ನೀಡಿಲ್ಲ. ನಾ ಹೇಳಿದ್ರ, ಪೊಲೀಸ್ರು ಕಲಿಸಿಕೊಟ್ಟಾರ ಅಂತಾಳ. ಓಣಿಯವರು ಮಕ್ಕಳನ್ನ ನಮ್ಮ ಮನಿಗೆ ಬಿಡವಲ್ರು. ಬಾಜೂ ಮನಿಯ ಮುದುಕ ಐತಪ್ಪ, ಇಪ್ಪತ್ತು ವರ್ಷ ನಮ್ಮ ಜೋಡಿ ನೀರಿಗೆ ನಿಂತಾಂವ, ಅಂವಾ ಸೈತ ಮಾತು ಬಿಟ್ಟಾನ. ಎಲ್ಲಾರೂ ಕೇಳೂಹಂಗ ಹೇಳ್ರಿ.’

ನೀರು ಬರುವ ಹೊತ್ತು ಅದು. ನಲ್ಲಿಯ ಮುಂದೆ ಓಣಿಯೆಲ್ಲ ಕೊಡ ಇಟ್ಟುಕೊಂಡು ನಿಂತಿತ್ತು. ಸೋಮವ್ವನೂ ಸಾಲಿನಲ್ಲಿದ್ದಳು. ಯಲ್ಲಾಲಿಂಗ ಅವಳ ಹತ್ತಿರ ಹೋಗಲಿಲ್ಲ, ದೂರದಲ್ಲೇ ನಿಂತು, ‘ಕಚೇರಿ ಕಾಕಾ ಬಂದಾರ, ಏನೋ ಹೇಳ್ತಾರಂತ,’ ಎಂದ. ಎಲ್ಲರೂ ತಿರುಗಿ ನೋಡಿದರು. ಮೂವತ್ತು ನಲವತ್ತು ಜನರಿರಬಹುದು.

ನನಗೆ ಜನರ ಮುಂದೆ ಮಾತಾಡುವುದು ಹೊಸದಲ್ಲ. ಊರ ಕಟ್ಟೆಯ ಮೇಲೆ ಇದರ ಹತ್ತುಪಟ್ಟು ಜನರನ್ನು ಬೆಳಗಿನ ತನಕ ಕೂಡಿಸಿದವನು. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ: ನೋಡ್ರಿ, ಈ ದಿಲ್ಲಿ ಅನ್ನೋದು ಬಹಳ ದೊಡ್ಡ ಊರು, ಅಲ್ಲಿ ದೊಡ್ಡವರು ಅನ್ನಿಸಿಕೊಂಡವರು ಖಾಲಿ ಕಾಗದಕ್ಕ ಸಹಿ ಹಾಕಿ...

‘ದೊಡ್ಡವರದು ಟಿವ್ಯಾಗ ದಿನಾ ಕೇಳ್ತೀವಿ,’ ಎಂದಳು ಸೋಮವ್ವ. ಕೊಡ ಸೊಂಟದ ಮೇಲಿತ್ತು. ‘ಕಥಿ ಬ್ಯಾಡ. ನಿಮ್ಮದು ಹೇಳ್ರಿ.’

ನಲ್ಲಿಯ ನೀರು ಯಾರದೋ ಕೊಡದಿಂದ ಉಕ್ಕಿ ಹರಿಯುತ್ತಿತ್ತು, ಯಾರೂ ನಿಲ್ಲಿಸಲಿಲ್ಲ. ನಾನು ಹೇಳಿದೆ. ಇಂವಾ ಅಪ್ಪನ ಹೆಸರು ಸರಿಯಾಗಿ ಬರಿಸಿದ್ದ. ನಾ ನೋಡಲಿಲ್ಲ, ಬ್ಯಾರೆಯವರ ಅಪ್ಪನ ಹೆಸರು ಹಂಗ ಬಿಟ್ಟೆ. ತಪ್ಪು ನಂದು. ಗೊತ್ತಾದ ಮ್ಯಾಲ ಒಂಬತ್ತು ದಿನ ನಾ ಬಾಯಿ ಬಿಡಲಿಲ್ಲ. ಈಕಿ ಬಂದು ಕೇಳಿದಾಗೂ ಹೇಳಲಿಲ್ಲ.

ಸೋಮವ್ವ ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಕೊಡವನ್ನು ನೆಲಕ್ಕಿಟ್ಟು ಗಂಡನ ಕಡೆ ತಿರುಗಿದಳು. ಅವನು ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು ಮತ್ತೆ ಅಲ್ಲೇ ಇಟ್ಟುಕೊಂಡ.

ಸಾಲಿನ ಕೊನೆಯಲ್ಲಿ ಒಬ್ಬ ಮುದುಕ, ಅವನೇ ಐತಪ್ಪನಿರಬೇಕು, ಕಿವಿಗೆ ಕೈ ಹಚ್ಚಿಕೊಂಡು ನಿಂತಿದ್ದ. ‘ಹಿಂದಿನವರಿಗೆ ಕೇಳಲಿಲ್ರೀ,’ ಎಂದ. ‘ತಪ್ಪು ಯಾರದು ಅಂದ್ರಿ?’

ನಲ್ಲಿ ನಿಲ್ಲಿಸಲು ಹೇಳಿ, ಇನ್ನೊಮ್ಮೆ ಹೇಳಿದೆ.